ಚಕ್ರದ ಸಂದುಗಳಿಗೆ ಬ್ರಷ್‌ಗಿಂತ ವಾಶ್ ಸುಲಭ

1/24 ಸ್ಕೇಲ್ ಪ್ಲಾಸ್ಟಿಕ್ ಮಾಡೆಲ್ ಕಾರಿನ ಚಕ್ರದಲ್ಲಿ ಸ್ಪೋಕ್‌ಗಳ ನಡುವೆ ಬ್ರಷ್ ಹಿಡಿದು ಕಪ್ಪು ಬಳಿಯಲು ಹೋಗಬೇಡಿ. ಕೈ ಎಷ್ಟೇ ಪಳಗಿದ್ದರೂ ಬಣ್ಣ ಅಂಚು ದಾಟುತ್ತದೆ. ಬದಲಿಗೆ ವಾಶ್, ಅಂದರೆ ಸಂದಿಗೆ ತಾನಾಗೇ ಹರಿಯುವಷ್ಟು ತೆಳುವಾದ ಬಣ್ಣ, ಬಳಸಿ.

ಮೊದಲು ಲ್ಯಾಕರ್ ಸಿಲ್ವರ್ ಸ್ಪ್ರೇ ಮಾಡಿ, ಒಂದು ದಿನ ಒಣಗಲು ಬಿಡಿ. ಆಮೇಲೆ ತಮಿಯಾ ಕಂಪನಿಯ ಕಪ್ಪು ಪ್ಯಾನೆಲ್ ಲೈನ್ ಬಣ್ಣವನ್ನೋ (ಸಂದುಗಳಿಗೆಂದೇ ತೆಳು ಮಾಡಿ ಮಾರುವ ಎನಾಮೆಲ್), ಥಿನ್ನರ್ ಬೆರೆಸಿ ನೀರಿನಷ್ಟು ತೆಳು ಮಾಡಿದ ಎನಾಮೆಲ್ ಕಪ್ಪನ್ನೋ ಬ್ರಷ್ ತುದಿಯಿಂದ ಸಂದಿನ ಮೂಲೆಗೆ ಸುಮ್ನೆ ತಾಗಿಸಿ. ಅದು ತಾನಾಗೇ ಹರಿದು, ಪ್ರತಿ ನಟ್‌ನ ಸುತ್ತ ತೆಳ್ಳಗಿನ ಗೆರೆಯಾಗಿ ನಿಲ್ಲುತ್ತದೆ. ನೋಡೋಕೇ ಖುಷಿ! ಸ್ವಲ್ಪ ಆರಿದ ಮೇಲೆ, ಎನಾಮೆಲ್ ಥಿನ್ನರ್ ತಾಗಿಸಿದ ಇಯರ್ ಬಡ್‌ನಿಂದ ಸ್ಪೋಕ್‌ಗಳ ಮೇಲ್ಭಾಗ ಮಾತ್ರ ಹಗುರವಾಗಿ ಒರೆಸಿ. ಚೆನ್ನಾಗಿ ಒಣಗಿದ ಲ್ಯಾಕರ್ ಈ ಥಿನ್ನರ್‌ಗೆ ಕರಗುವುದಿಲ್ಲ, ಅದಕ್ಕೇ ಈ ಜೋಡಿ.

ಬಡ್ ತೊಟ್ಟಿಕ್ಕುವಷ್ಟು ಒದ್ದೆ ಬೇಡ. ಥಿನ್ನರ್ ಜಾಸ್ತಿಯಾಗಿ ಬಣ್ಣವಿಲ್ಲದ ಪ್ಲಾಸ್ಟಿಕ್‌ಗೆ ಇಳಿದರೆ ಬಿರುಕು ಬಿಡಬಹುದು. ಆಕ್ಸಲ್ ಬಿಗಿಯಾಗಿ ಕೂರುವ ಜಾಗದಲ್ಲಂತೂ ಈ ಭಯ ಜಾಸ್ತಿ. ಹಾಗಾಗಿ ಚಕ್ರ ಜೋಡಿಸುವ ಮೊದಲೇ ಇದನ್ನು ಮುಗಿಸಿ. ಕಿಟಕಿ ತೆರೆದಿರಲಿ.

ನಟ್‌ಗೆ ಬೇರೆ ಬಣ್ಣ ಬೇಕಾ? ಹಲ್ಲುಕಡ್ಡಿಯ ತುದಿಗೆ ಒಂದು ಹನಿ ತಗೊಂಡು, ಒತ್ತದೆ ನಟ್‌ನ ತಲೆಗೆ ಮುಟ್ಟಿಸಿದರೆ ಸಾಕು.