ಹತ್ತು ಸೆಕೆಂಡಿನ ಕ್ಲಿಪ್ ಕೇಳಿ ರಾಗ, ಕೃತಿ ಹೇಳೋದು ಹೇಗೆ?

ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲೋ ಅಪಾರ್ಟ್‌ಮೆಂಟಿನ ಸಂಗೀತದ ಗ್ರೂಪಲ್ಲೋ ಯಾರಾದ್ರೂ ಒಬ್ರು ಹತ್ತು ಸೆಕೆಂಡಿನ ಆಡಿಯೋ ಹಾಕಿ "ಹೇಳಿ ನೋಡೋಣ, ಯಾವ ರಾಗ, ಯಾವ ಕೃತಿ, ಯಾರು ಹಾಡ್ತಿರೋದು?" ಅಂತ ಕೇಳ್ತಾರೆ. ನಮ್ಮ ಫೋನಲ್ಲಿ ಕ್ಲಿಪ್ ಇನ್ನೂ ಡೌನ್‌ಲೋಡ್ ಆಗಿರಲ್ಲ, ಅಷ್ಟರಲ್ಲೇ ಒಬ್ರು ಮೋಹನ ಅಂತ ಟೈಪ್ ಮಾಡಿರ್ತಾರೆ, ಇನ್ನೊಬ್ರು ಇಲ್ಲ ಇಲ್ಲ ಹಿಂದೋಳ ಅಂತಾರೆ, ಮೂರನೆಯವರು ಸುಮ್ನೆ ಕೈಮುಗಿಯೋ ಇಮೋಜಿ ಹಾಕಿ ಜಾರಿಕೊಳ್ತಾರೆ. ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ಹೋಗಿ ಅಭ್ಯಾಸ ಇರೋರಿಗೆ ಈ ಆಟ ಹೊಸದೇನಲ್ಲ. ಅಲ್ಲಿ ಆಲಾಪನೆ (ಸಾಹಿತ್ಯ ಇಲ್ದೆ ರಾಗ ಬೆಳೆಸೋದು) ಶುರುವಾಗಿ ನಾಲ್ಕು ಸಂಗತಿ ಬರೋದ್ರೊಳಗೆ ಪಕ್ಕದ ಕುರ್ಚಿ ಮಾಮಾ ಜೇಬಿಂದ ಪುಟ್ಟ ನೋಟ್‌ಬುಕ್ ತೆಗೆದು ರಾಗದ ಹೆಸರು ಬರ್ಕೊಂಡಿರ್ತಾರೆ, ಐದು ನಿಮಿಷ ಬಿಟ್ಟು ಯಾರಿಗೂ ಕಾಣದ ಹಾಗೆ ಅದನ್ನ ಹೊಡೆದು ಹಾಕಿ ಇನ್ನೊಂದು ಬರೀತಾರೆ.

ಇದಕ್ಕೆಲ್ಲ ಹುಟ್ಟಿನಿಂದಲೇ ಬಂದ ಕಿವಿ ಬೇಕು ಅಂತ ಜನ ಹೇಳೋದನ್ನ ನಾನು ಒಪ್ಪಲ್ಲ. ಬೇಕಿರೋದು ಒಂದು ಕ್ರಮ, ಷಡ್ಜ (ಹಾಡಿಗೆ ಆಧಾರವಾದ ಸ್ವರ, ಸ) ಮೊದಲು, ರಾಗದ ಹೆಸರು ಕೊನೆಗೆ. ನಾವು ಹೆಚ್ಚಿನವರು ಮಾಡೋದು ಉಲ್ಟಾ, ಹೆಸರು ಮೊದಲು ಬಾಯಿಗೆ ಬಂದ್ಬಿಡತ್ತೆ, ಆಮೇಲೆ ಕಿವಿ ಆ ಹೆಸರಿಗೆ ಸಾಕ್ಷಿ ಹುಡುಕ್ತಾ ಕೂರತ್ತೆ.

ಮೊದಲನೇ ಸಲ ಕೇಳುವಾಗ ಹಾಡನ್ನ ಬಿಟ್ಟು ಸುತ್ತಮುತ್ತ ಕೇಳಿ

ಹೆಡ್‌ಫೋನ್ ಹಾಕ್ಕೊಳ್ಳಿ, ಫೋನಿನ ಸ್ಪೀಕರಲ್ಲಿ ತಂಬೂರಿ ಕೇಳಲ್ಲ. ಮೃದಂಗನಾ ತಬಲಾನಾ, ಗಾಯಕರ ಹಿಂದೆ ಹೋಗ್ತಿರೋದು ಪಿಟೀಲಾ ಹಾರ್ಮೋನಿಯಮ್ಮಾ ಸಾರಂಗಿಯಾ, ಘಟ ಖಂಜಿರ ಏನಾದ್ರೂ ಇದೆಯಾ ಅಂತ ನೋಡಿ, ಇಷ್ಟರಲ್ಲೇ ಕರ್ನಾಟಕಿಯೋ ಹಿಂದೂಸ್ತಾನಿಯೋ ಅನ್ನೋದು ಬಹುತೇಕ ಇತ್ಯರ್ಥ ಆಗತ್ತೆ. ನಮ್ಮ ರಾಜ್ಯದಲ್ಲಿ ಇದು ಮುಖ್ಯ, ಯಾಕಂದ್ರೆ ಒಂದೇ ಗ್ರೂಪಲ್ಲಿ ಮೈಸೂರಿನ ಅತ್ತೆನೂ ಇರ್ತಾರೆ ಧಾರವಾಡದ ಕಾಕಾನೂ ಇರ್ತಾರೆ, ಹಿಂದೂಸ್ತಾನಿ ಕೇಳೋ ಕಾಕಾ ಮಾಲಕಂಸ್ ಅಂತಾರೆ ಕರ್ನಾಟಕಿ ಕೇಳೋ ಅತ್ತೆ ಹಿಂದೋಳ ಅಂತಾರೆ, ಜಗಳ ಆಗತ್ತೆ, ಸ್ವರ ನೋಡಿದ್ರೆ ಎರಡೂ ಒಂದೇ. ಮೋಹನ ಅಲ್ಲಿ ಭೂಪ್, ಶುದ್ಧ ಸಾವೇರಿ ಅಲ್ಲಿ ದುರ್ಗಾ. ಇದಕ್ಕಿಂತ ದೊಡ್ಡ ಗುಂಡಿ ಅಂದ್ರೆ ಹೆಸರು ಒಂದೇ ಇದ್ದು ರಾಗ ಬೇರೆ ಆಗಿರೋದು. ನಮ್ಮ ತೋಡಿಯ ಸ್ವರಗಳು ಅವರ ಭೈರವಿಗೆ ಹೊಂದತ್ತೆ, ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಗೆ ಹೊಂದತ್ತೆ, ಅವರ ಹಿಂದೋಲ್‌ಗೂ ನಮ್ಮ ಹಿಂದೋಳಕ್ಕೂ ಸಂಬಂಧನೇ ಇಲ್ಲ.

ಕರಕರ ಸದ್ದು ಇದ್ರೆ ಹಳೇ 78 ಆರ್‌ಪಿಎಂ ತಟ್ಟೆ. 1902ರಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಮೊದಲಾದವರು ಹಾಡಿ ಶುರುವಾದ ಆ ಕಾಲದ ಗ್ರಾಮಫೋನ್ ರೆಕಾರ್ಡುಗಳಲ್ಲಿ ಒಂದು ಬದಿಗೆ ಸುಮಾರು ಮೂರೇ ನಿಮಿಷ ಜಾಗ, ಹಾಗಾಗಿ ಆಲಾಪನೆ ಎಲ್ಲ ಕತ್ತರಿಸಿ ವೇಗ ಏರಿಸಿ ಹಾಡಿರ್ತಾರೆ. ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಆಕೆಯೇ ಹೇಳ್ಬಿಡೋದ್ರಿಂದ ಕ್ಲಿಪ್ ಅಲ್ಲಿಂದ ಕತ್ತರಿಸಿದ್ರೆ ನಿಮಗೆ ಬಂಪರ್. (ಆಕೆ ಕೊನೆಗಾಲದಲ್ಲಿ ಮೈಸೂರು ಆಸ್ಥಾನದಲ್ಲಿದ್ರು, 1930ರಲ್ಲಿ ಮೈಸೂರಲ್ಲೇ ತೀರಿಕೊಂಡ್ರು.) ಆದ್ರೆ ಹಳೇ ತಟ್ಟೆ ತಿರುಗೋ ಸ್ಪೀಡ್ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಶ್ರುತಿ ಮೇಲೆ ಕೆಳಗೆ ಹೋಗಿರತ್ತೆ, ಅದನ್ನ ನಂಬಿ ಇದು ಇಂಥವರ ಗಂಟಲು ಅಂತ ಹೇಳೋಕ್ ಹೋಗ್ಬೇಡಿ.

ಎರಡನೇ ಸಲ: ಷಡ್ಜ ಹಿಡೀರಿ

ಇಡೀ ಆಟ ಇರೋದೇ ಇಲ್ಲಿ, ಆದ್ರಿಂದ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಬಾಯಲ್ಲಿ ಸರಿಗಪದಸ ಅಂತ ಮೋಹನ ಹಾಡ್ಕೊಳ್ಳಿ. ಈಗ ಅದೇ ಐದು ಸ್ವರ ಇಟ್ಕೊಂಡು ರಿಷಭವನ್ನೇ (ರಿ) ಷಡ್ಜ ಅನ್ಕೊಂಡು ಅಲ್ಲಿಂದ ಮೇಲಕ್ಕೆ ಹೋದ್ರೆ ಮಧ್ಯಮಾವತಿ ಆಯ್ತು. ಗಾಂಧಾರದಿಂದ (ಗ) ಹೊರಟ್ರೆ ಹಿಂದೋಳ. ಪಂಚಮದಿಂದ (ಪ) ಶುದ್ಧ ಸಾವೇರಿ. ಧೈವತದಿಂದ (ದ) ಶುದ್ಧ ಧನ್ಯಾಸಿ. ಒಂದು ಸ್ವರನೂ ಬದಲಾಯಿಸಿಲ್ಲ, ಮನೆ ಯಾವುದು ಅನ್ನೋದು ಮಾತ್ರ ಬದಲಾಯ್ತು, ಐದು ರಾಗ ಸಿಕ್ತು. ಇದಕ್ಕೇ ಗ್ರಹಭೇದ ಅನ್ನೋದು. ಈಗ ಮೇಲೆ ಹೇಳಿದ ಗ್ರೂಪಿನ ಮೋಹನ-ಹಿಂದೋಳ ಜಗಳ ನೋಡಿ, ಇಬ್ಬರ ಕಿವಿನೂ ಸರಿಯಾಗೇ ಇತ್ತು, ಇಬ್ರೂ ಷಡ್ಜ ಎಲ್ಲಿದೆ ಅಂತ ನೋಡದೆ ಉತ್ತರ ಕೊಟ್ರು ಅಷ್ಟೇ.

ಷಡ್ಜ ಸಿಗೋದು ಎಲ್ಲಿ? ತಂಬೂರಿ ಕೇಳ್ತಿದ್ರೆ ಕೆಲಸ ಮುಗೀತು, ಪ-ಸ-ಸ-ಸ ಅಂತ ಹೋಗ್ತಿರತ್ತೆ. ತಂಬೂರಿ ಮುಚ್ಚಿಹೋಗಿದ್ರೆ ಮೃದಂಗ ಕೇಳಿ, ಅದರ ಬಲಗಡೆ ಭಾಗವನ್ನ ಷಡ್ಜಕ್ಕೇ ಶ್ರುತಿ ಮಾಡಿರ್ತಾರೆ, ಜನ ಮೃದಂಗದಲ್ಲಿ ಬರೀ ಲಯ ಕೇಳ್ತಾರೆ, ಅದ್ರಲ್ಲಿ ಸ್ವರನೂ ಇದೆ ಅನ್ನೋದು ಮರ್ತೇಹೋಗಿರತ್ತೆ. ಅದೂ ಇಲ್ಲ ಅಂದ್ರೆ ಹಾಡ್ತಿರೋರು ಎಲ್ಲಿಗೆ ಬಂದು ಆರಾಮಾಗಿ ನಿಲ್ತಾರೆ ಅಂತ ನೋಡಿ. ಸಿಕ್ಕ ಷಡ್ಜವನ್ನ ಕ್ಲಿಪ್ ನಿಲ್ಲಿಸಿದ ಮೇಲೂ ಬಾಯಲ್ಲಿ ಗುನುಗ್ತಾ ಇರಿ, ಬಿಟ್ರೆ ಜಾರಿಹೋಗತ್ತೆ.

ಹಿಂದೂಸ್ತಾನಿ ಕ್ಲಿಪ್ ಆದ್ರೆ ಇನ್ನೊಂದು ಸುಳಿವು ಪುಕ್ಕಟೆ ಸಿಗತ್ತೆ. ಮಾಲಕಂಸ್ ತರ ಪಂಚಮನೇ ಇಲ್ಲದ ರಾಗ ಹಾಡುವಾಗ ಅವರ ತಂಬೂರಿ, ಅಂದ್ರೆ ತಾನ್‌ಪುರದ ಮೊದಲ ತಂತಿಯನ್ನ ಮಧ್ಯಮಕ್ಕೆ ಇಳಿಸಿರ್ತಾರೆ. ಬಾಯಿ ತೆಗೆಯೋಕೆ ಮುಂಚೆನೇ ಅರ್ಧ ಉತ್ತರ ತಾನ್‌ಪುರ ಹೇಳಿಬಿಟ್ಟಿರತ್ತೆ.

ಮೂರನೇದು: ಮಧ್ಯಮ ಯಾವುದು, ಯಾವ ಸ್ವರ ಇಲ್ಲ

72 ಮೇಳಕರ್ತದಲ್ಲಿ (ಕರ್ನಾಟಕಿಯ ಮೂಲ ರಾಗಗಳ ಪಟ್ಟಿ) ಮೊದಲ 36 ಶುದ್ಧ ಮಧ್ಯಮ (ತಗ್ಗಿನ ಮ), ಉಳಿದ 36 ಪ್ರತಿ ಮಧ್ಯಮ (ಏರಿದ ಮ). ಅಂದ್ರೆ ಒಂದೇ ಸ್ವರ ನೋಡಿದ್ರೆ ಅರ್ಧ ಬುಟ್ಟಿ ಖಾಲಿ. ಶಂಕರಾಭರಣಕ್ಕೂ ಕಲ್ಯಾಣಿಗೂ ಇರೋ ವ್ಯತ್ಯಾಸ ಆ ಮಧ್ಯಮ ಒಂದೇ. ಆಮೇಲೆ ಗಾಂಧಾರ ನೋಡಿ, ಆಮೇಲೆ ನಿಷಾದ (ನಿ). ಜೊತೆಗೇ ಯಾವ ಸ್ವರ ಬರ್ತಾನೇ ಇಲ್ಲ ಅಂತ ಗಮನಿಸಿ, ಮಧ್ಯಮ ಧೈವತ ಎರಡೂ ಇಲ್ದೆ ಸರಿಗಪನಿಸ ಅಂತ ಹೋಗ್ತಿದ್ರೆ ಹಂಸಧ್ವನಿ, ಪಂಚಮ ನಿಷಾದ ಇಲ್ದೆ ಸಾಧಾರಣ (ತಗ್ಗಿನ) ಗಾಂಧಾರ ಇದ್ರೆ ಆಭೋಗಿ. ಆದ್ರೆ ಹತ್ತು ಸೆಕೆಂಡಲ್ಲಿ ಒಂದು ಸ್ವರ ಬರಲಿಲ್ಲ ಅಂದ ಮಾತ್ರಕ್ಕೆ ರಾಗದಲ್ಲೇ ಅದಿಲ್ಲ ಅಂತಲ್ಲ, ಗಾಯಕರು ಇನ್ನೂ ಮೇಲಿನ ಮನೆಗೆ ಹೋಗಿಲ್ದೇ ಇರಬಹುದು.

ನಾಲ್ಕನೇದು: ಲೆಕ್ಕ ನಿಲ್ಲಿಸಿ ನಡಿಗೆ ನೋಡಿ

ಸ್ವರದ ಲೆಕ್ಕ ಇಲ್ಲಿವರೆಗೂ ಕರ್ಕೊಂಡು ಬರತ್ತೆ, ಇಲ್ಲಿಂದ ಮುಂದೆ ಕೈಕೊಡತ್ತೆ. ಆರಭಿ ಮತ್ತು ದೇವಗಾಂಧಾರಿ ತಗೊಳ್ಳಿ, ಆರೋಹಣ ಅವರೋಹಣ (ಸ್ವರಗಳ ಏರಿಕೆ ಇಳಿಕೆ) ಬರೆದ್ರೆ ಎರಡೂ ಒಂದೇ ತರ ಕಾಣತ್ತೆ, ಪರೀಕ್ಷೆಗೆ ಓದೋ ಮಕ್ಕಳು ಇದನ್ನ ನೋಡಿ ಅಳ್ತಾರೆ. ಕೇಳಿದ್ರೆ ಗೊಂದಲನೇ ಇಲ್ಲ, ಆರಭಿ ನೆಟ್ಟಗೆ ಚುರುಕಾಗಿ ಹೋಗತ್ತೆ, ದೇವಗಾಂಧಾರಿ ತೂಗ್ತಾ ಎಳೀತಾ ಬರತ್ತೆ. ದೂರದಿಂದ ಬರೋ ನೆಂಟ್ರನ್ನ ಮುಖ ಕಾಣೋಕೆ ಮುಂಚೆ ನಡಿಗೆಯಲ್ಲೇ ಗುರುತು ಹಿಡೀತೀವಲ್ಲ, ಹಾಗೆ.

ದರ್ಬಾರ್ ಮತ್ತು ನಾಯಕಿನೂ ಹೀಗೇ ಕಾಡೋ ಜೋಡಿ. ದರ್ಬಾರಲ್ಲಿ ಗಗರಿಸ, ನಿನಿದಪ ಅಂತ ಸ್ವರ ಜೋಡಿ ಜೋಡಿಯಾಗಿ ಒತ್ತಿ ಬರತ್ತೆ, ಅದೊಂದು ಹಿಡಿ ಕೇಳಿದ್ರೆ ಸಾಕು. ನಾಯಕಿಗೆ ಅಷ್ಟು ಅವಸರ ಇಲ್ಲ, ಅಲ್ಲಿ ಗಾಂಧಾರ ನಿಧಾನಕ್ಕೆ ತೂಗತ್ತೆ. ಭೈರವಿಯಲ್ಲಿ ಧೈವತ ಎರಡು, ಹತ್ತುವಾಗ ಚತುಶ್ರುತಿ (ಏರಿದ್ದು), ಇಳಿಯುವಾಗ ಶುದ್ಧ (ತಗ್ಗಿದ್ದು), ಇದನ್ನ ಒಂದು ಕ್ಲಿಪ್ಪಲ್ಲಿ ಎರಡೂ ಕೇಳಿಸ್ಕೊಂಡ್ರೆ ಧೈರ್ಯವಾಗಿ ಹೇಳ್ಬಹುದು. ಇನ್ನು ಬೇಗಡೆ, ಅದರ ಮಧ್ಯಮವನ್ನ ಬರಹದಲ್ಲಿ ವಿವರಿಸೋಕಾಗಲ್ಲ, ಕೇಳಿಯೇ ಕಲೀಬೇಕು, ಒಂದ್ಸಲ ಕಿವಿಗೆ ಬಿದ್ರೆ ಅದಾದ್ಮೇಲೆ ಯಾರು ಎಲ್ಲಿ ಹಾಡಿದ್ರೂ ಎರಡು ಸೆಕೆಂಡ್ ಸಾಕು.

ಇದಕ್ಕೆ ಅಭ್ಯಾಸ ಅಂದ್ರೆ ಒಂದೊಂದು ವಾರ ಒಂದೇ ಜೋಡಿ ರಾಗ ಕೇಳೋದು. ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಹಾಕ್ಕೊಂಡು ನಡುವಿಂದ ಕೇಳೋಕೆ ಶುರು ಮಾಡಿ ಅನೌನ್ಸರ್ ಹೇಳೋದ್ರೊಳಗೆ ಉತ್ತರ ಬರೆದಿಡೋದು ಹಳೇ ಉಪಾಯ, ನನಗಂತೂ ಯಾವ ಆ್ಯಪ್‌ಗಿಂತಲೂ ಅದೇ ವಾಸಿ ಅನ್ಸತ್ತೆ. ಸಿನಿಮಾ ಹಾಡು ನೆನಪಿಟ್ಟು ರಾಗ ಹೇಳೋದನ್ನ ಕೆಲವರು ಕೀಳಾಗಿ ನೋಡ್ತಾರೆ, ಶುರುವಿಗೆ ಅದೇನೂ ತಪ್ಪಿಲ್ಲ, ಆದ್ರೆ ಸಿನಿಮಾ ಹಾಡು ನಡುವಲ್ಲಿ ರಾಗ ಬಿಟ್ಟು ಬೇರೆ ಕಡೆ ತಿರುಗಾಡಿ ಬರತ್ತೆ, ಅದು ಗೊತ್ತಿರಲಿ.

ಐದನೇದು: ರಾಗದಿಂದ ಕೃತಿಗೆ

ಹಾಡಿದ ಕ್ಲಿಪ್ ಆದ್ರೆ ಒಂದು ಪದ ಸಾಕು, ಅಂಕಿತ (ರಚಿಸಿದವರ ಮುದ್ರೆ) ಸಿಕ್ರೆ ಇನ್ನೂ ಒಳ್ಳೇದು. ಗುರುಗುಹ ಅಂದ್ರೆ ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಕೃಷ್ಣ ಅಂದ್ರೆ ಶ್ಯಾಮಾ ಶಾಸ್ತ್ರಿಗಳು, ಹರಿಕೇಶ ಅಂದ್ರೆ ಮುತ್ತಯ್ಯ ಭಾಗವತರು, ಶ್ರೀವಿದ್ಯಾ ಅಂದ್ರೆ ಜಯಚಾಮರಾಜ ಒಡೆಯರು. ದೀಕ್ಷಿತರು ಎಷ್ಟೋ ಕೃತಿಗಳಲ್ಲಿ ರಾಗದ ಹೆಸರನ್ನೂ ಸಾಹಿತ್ಯದೊಳಗೆ ಸೇರಿಸಿಟ್ಟಿದ್ದಾರೆ. ಎಲ್ಲರಿಗೂ ಗೊತ್ತಿರೋ ವಾತಾಪಿ ಗಣಪತಿಂ ಕೃತಿಯ ಚರಣದ ಕೊನೆಯಲ್ಲಿ ಗುರುಗುಹನೂ ಬರ್ತಾನೆ, ಅದರ ಬೆನ್ನಿಗೇ "ಹಂಸಧ್ವನಿ ಭೂಷಿತ ಹೇರಂಬಂ" ಅಂತ ರಾಗನೂ ಬರತ್ತೆ, ಅಲ್ಲಿಂದ ಐದು ಸೆಕೆಂಡ್ ಕತ್ತರಿಸಿದ್ರೆ ಅದು ಕ್ವಿಜ್ ಅಲ್ಲ, ದಾನ. ತೆಲುಗು ಕೇಳಿಸಿದ ತಕ್ಷಣ ತ್ಯಾಗರಾಜರು ಅನ್ನೋ ಚಾಳಿ ಮಾತ್ರ ಬಿಡ್ಬೇಕು. ಖಮಾಚ್ ರಾಗದ ಬ್ರೋಚೇವಾರೆವರುರಾ ನಮ್ಮ ಮೈಸೂರು ವಾಸುದೇವಾಚಾರ್ಯರದು, ಅದನ್ನ ತ್ಯಾಗರಾಜರ ಲೆಕ್ಕಕ್ಕೆ ಬರೆಯೋರು ಮೈಸೂರಲ್ಲೇ ಸಿಗ್ತಾರೆ, ಏನ್ ಹೇಳೋದು.

ವೀಣೆ, ಕೊಳಲು, ಪಿಟೀಲಿನ ಕ್ಲಿಪ್ಪಲ್ಲಿ ಸಾಹಿತ್ಯ ಇರಲ್ಲ, ಆವಾಗ ತಾಳ ಹಾಕಿ. ರಾಗ ಕಲ್ಯಾಣಿ ಅಂತ ಗೊತ್ತಾಯ್ತು, ಬೆರಳು 3+4 ಅಂತ ಮಿಶ್ರ ಛಾಪಿಗೆ ಕೂರ್ತಿದೆ ಅಂದ್ರೆ ನಿಧಿ ಚಾಲ ಸುಖಮಾ ಕಡೆ ಯೋಚಿಸಿ, ಆದಿತಾಳ ಆದ್ರೆ ವಾಸುದೇವಯನಿ ಇರಬಹುದು, ಇನ್ನೂ ಬೇಕಾದಷ್ಟಿವೆ, ಆದ್ರೂ ಪಟ್ಟಿ ಸಣ್ಣದಾಯ್ತಲ್ಲ. ಕೆಲವು ಕೃತಿಗೆ ಇಷ್ಟೆಲ್ಲ ಬೇಕಾಗೇ ಇಲ್ಲ, ಕದನಕುತೂಹಲ ರಾಗದ ರಘುವಂಶ ಸುಧಾ ಮೂರು ಸೆಕೆಂಡಲ್ಲಿ ಕುಣ್ಕೊಂಡು ಬಂದು ಹೆಸರು ಹೇಳ್ಬಿಡತ್ತೆ.

ದೇವರನಾಮಗಳಲ್ಲಿ ಹುಷಾರು. ದಾಸರ ಪದಗಳಿಗೆ ಮೂಲ ಮಟ್ಟು (ಧಾಟಿ) ಬಹುತೇಕ ಉಳಿದಿಲ್ಲ, ಒಬ್ಬೊಬ್ರು ಒಂದೊಂದು ರಾಗದಲ್ಲಿ ಹಾಡ್ತಾರೆ. ಮಧ್ಯಮಾವತಿಯಲ್ಲಿ ಮನೆ ಮನೆಯಲ್ಲಿ ಕೇಳೋ ಭಾಗ್ಯದ ಲಕ್ಷ್ಮೀ ಬಾರಮ್ಮನೇ ಬೇರೆ, ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ಅದರ ಧಾಟಿಯೇ ಬೇರೆ. ಪದ ಗೊತ್ತಾಯ್ತು ಅಂತ ರಾಗ ಬರೀಬೇಡಿ, ಕೇಳಿ ಬರೀರಿ.

ಕೊನೇದು: ಯಾರು?

ಇಲ್ಲಿ ಕ್ರಮ ಗಿಮ ಏನಿಲ್ಲ, ಕೇಳಿದಷ್ಟು ಬಂತು. ಆದ್ರೂ ಒಂದೆರಡು ಗುರುತು ಇದೆ. ಕೇಳಿದ್ರೆ ಗಂಡಸರ ಗಂಟಲು ಅನ್ಸತ್ತೆ, ಹಿಂದೂಸ್ತಾನಿ, ಕಿರಾಣಾ ಘರಾಣೆ (ಗಾಯನ ಪರಂಪರೆ) ತರ ಒಂದೊಂದೇ ಸ್ವರ ಇಟ್ಟು ಬೆಳೆಸ್ತಿದಾರೆ ಅಂದ್ರೆ ಗಂಗೂಬಾಯಿ ಹಾನಗಲ್ ಇರಬಹುದಾ ಅಂತ ಮೊದಲು ನೋಡಿ. ಧ್ವನಿ ಮಲ್ಲಿಕಾರ್ಜುನ ಮನ್ಸೂರರದ್ದು, ರಾಗ ಮಾತ್ರ ತಲೆಬುಡ ಹತ್ತುತ್ತಿಲ್ಲ ಅಂದ್ರೆ ನಿಮ್ಮ ಕಿವಿಯನ್ನ ಬೈಕೋಬೇಡಿ, ಜೈಪುರ-ಅತ್ರೌಲಿ ಘರಾಣೆಯವರು ಅಪರೂಪದ ರಾಗ, ಜೋಡು ರಾಗಗಳಿಗೇ ಹೆಸರುವಾಸಿ. ಒಂದೇ ಪಿಟೀಲು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿದ ಹಾಗೆ ದಪ್ಪ ನಾದ, ಹಳೇ ರೆಕಾರ್ಡಿಂಗ್, ಆಗ ಟಿ. ಚೌಡಯ್ಯನವರ 7 ತಂತಿಯ ಪಿಟೀಲು ಅಂತ ಬರೀಬಹುದು. ನಾಗಸ್ವರ ಅನ್ಸಿ ಆದ್ರೆ ಏನೋ ನುಣುಪು ಜಾಸ್ತಿ ಆಯ್ತಲ್ಲ ಅನ್ಸಿದ್ರೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ನೆನಪು ಮಾಡ್ಕೊಳ್ಳಿ.

ನೀವೇ ಕ್ವಿಜ್ ನಡೆಸೋದಾದ್ರೆ

ಆಡಿಯೋ ಕತ್ತರಿಸೋಕೆ ಅಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗತ್ತೆ, ಅದ್ರಲ್ಲಿ 8ರಿಂದ 12 ಸೆಕೆಂಡ್ ಕತ್ತರಿಸಿ, ಎರಡೂ ತುದಿ ಫೇಡ್ ಮಾಡಿ. ತಂಬೂರಿನೋ ಮೃದಂಗನೋ ಕೇಳಿಸೋ ಜಾಗದಿಂದಲೇ ಕತ್ತರಿಸಿ, ಷಡ್ಜ ಸಿಗದ ಕ್ಲಿಪ್ ಕೊಟ್ಟು ಉತ್ತರ ಕೇಳೋದು ಅನ್ಯಾಯ. ಕಲ್ಪನಾಸ್ವರದ ಜಾಗ ಮಕ್ಕಳಿಗೆ ಇಟ್ಕೊಳ್ಳಿ, ಅಲ್ಲಿ ಗಾಯಕರೇ ಸ್ವರ ಹೇಳ್ಕೊಂಡು ಹಾಡ್ತಿರೋದ್ರಿಂದ ಸುಲಭ. ದೊಡ್ಡವರಿಗೆ ಆಲಾಪನೆ ಕೊಡಿ, ಗ್ರೂಪಲ್ಲಿ ತಾವೇ ವಿದ್ವಾಂಸರು ಅಂತ ಓಡಾಡೋರಿಗೆ ಪಿಟೀಲಿನವರು ಆಲಾಪನೆಗೆ ಕೊಡೋ ಉತ್ತರದಿಂದ ಒಂದು ತುಂಡು ಕೊಡಿ. ಶಜಾಮ್‌ನಲ್ಲಿ ಹುಡುಕ್ತಾರೆ ಅನ್ನೋ ಭಯ ಇದ್ರೆ ಬಿಡುಗಡೆಯಾದ ಆಲ್ಬಮ್ ಬಿಟ್ಟು ಕಛೇರಿಯ ರೆಕಾರ್ಡಿಂಗ್ ಬಳಸಿ, ಆ ಆ್ಯಪ್ ಹಿಡಿಯೋದು ತನ್ನ ಪಟ್ಟಿಯಲ್ಲಿರೋ ಅದೇ ರೆಕಾರ್ಡಿಂಗನ್ನ, ರಾಗವನ್ನಲ್ಲ. ಮತ್ತೆ ಕಳಿಸೋ ಮುಂಚೆ ದಯವಿಟ್ಟು ಫೈಲಿನ ಹೆಸರು ಬದಲಾಯಿಸಿ, ಅದ್ರ ಮೇಲೇ ರಾಗ, ತಾಳ, ಊರು, ವರ್ಷ ಎಲ್ಲ ಬರೆದಿರತ್ತೆ.

ಅಂಕ ಹಂಚೋದ್ರಲ್ಲಿ ಕೈ ಬಿಗಿ ಮಾಡ್ಬೇಡಿ. ಹಿಂದೋಳಕ್ಕೆ ಮಾಲಕಂಸ್ ಅಂದ್ರೆ ಪೂರ್ತಿ ಅಂಕ, ದರ್ಬಾರಿಗೆ ನಾಯಕಿ ಅಂದ್ರೆ ಅರ್ಧ, ಕ್ಲಿಪ್ ಡೌನ್‌ಲೋಡ್ ಆಗೋಕೆ ಮುಂಚೆ ಬಂದ ಉತ್ತರ ಸರಿಯಾಗೇ ಇದ್ರೂ ಸೊನ್ನೆ.