ನಮ್ಮ ತೋಟದ ಕಾಫಿಯ ರುಚಿ ನೋಡಲು ಕಲಿತದ್ದು

ನಮ್ಮದು ಮೂಡಿಗೆರೆ ಕಡೆ ಆರು ಎಕರೆ ತೋಟ. ಹುಟ್ಟಿದಾಗಿನಿಂದ ಕಾಫಿಯ ನಡುವೆಯೇ ಬೆಳೆದವನು ನಾನು. ಆದರೂ ನಲವತ್ತು ದಾಟುವವರೆಗೆ ನಮ್ಮ ಕಾಫಿಯ ರುಚಿ ಹೇಗಿದೆ ಅಂತ ನನಗೆ ಗೊತ್ತಿರಲಿಲ್ಲ. ಒಳ್ಳೆಯ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಳಗಿನ ತೆಳು ಹೊಟ್ಟಿನ ಸಮೇತ ಒಣಗಿಸಿದ ಬೀಜ) ಎಲ್ಲ ಮೂಟೆ ಕಟ್ಟಿ ಕ್ಯೂರಿಂಗ್‌ಗೆ, ಅಂದರೆ ಆ ಹೊಟ್ಟು ತೆಗೆದು ವಿಂಗಡಿಸುವ ಕಾರ್ಖಾನೆಗೆ ಹೋಗುತ್ತಿತ್ತು. ಮನೆಗೆ ಉಳಿಯುತ್ತಿದ್ದದ್ದು ನೆಲಕ್ಕೆ ಉದುರಿದ್ದನ್ನು ಹೆಕ್ಕಿ ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ, ಅಂದರೆ ಕಾಫಿ ಹಣ್ಣು. ಅದಕ್ಕೆ ಚಿಕೋರಿ, ಹಾಲು, ಸಕ್ಕರೆ. ಹಾಗೆ ಕುಡಿದರೆ ಯಾವ ತಳಿ, ಯಾವ ತೋಟ ಅಂತ ಯಾರಿಗೆ ಗೊತ್ತಾಗುತ್ತೆ?

ಒಂದು ವರ್ಷ ಒಬ್ಬ ವ್ಯಾಪಾರಿ ನಮ್ಮ ಸ್ಯಾಂಪಲ್ ವಾಪಸ್ ಕಳಿಸಿದರು. "ಬೀಜ ನೋಡೋಕೆ ಚೆನ್ನಾಗಿದೆ ಗೌಡ್ರೆ, ಕಪ್ ಕ್ಲೀನ್ ಇಲ್ಲ" ಅಂದರು. ಕುಡಿಯುವಾಗ ಬೇಡದ ರುಚಿ, ವಾಸನೆ ಬರುತ್ತದೆ ಅಂತ ಅದರ ಅರ್ಥ. ನನಗೆ ಬೇಜಾರಾಗಿದ್ದು ಬೆಲೆ ಕಡಿಮೆಯಾಯಿತು ಅಂತಲ್ಲ. ಅವರು ಹೇಳಿದ್ದು ಸರಿಯೋ ತಪ್ಪೋ ಅಂತ ಹೇಳಲು ನನಗೆ ನಾಲಿಗೆಯೇ ಇರಲಿಲ್ಲ. ಅವತ್ತೇ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ, ಕಲಿಯಲು ಕೂತೆ.

ವಿಧಾನ ಕಷ್ಟದ್ದಲ್ಲ. ಬೀಜವನ್ನು ತಿಳಿಯಾಗಿ ಹುರಿಯಬೇಕು, ಎಂಟರಿಂದ ಹನ್ನೆರಡು ನಿಮಿಷದೊಳಗೆ. ಕಡಿಮೆ ಅಂದರೆ ಎಂಟು ಗಂಟೆ ಹಾಗೇ ಬಿಟ್ಟು, ಒಂದು ದಿನದೊಳಗೆ ರುಚಿ ನೋಡಬೇಕು. 150 ಎಂಎಲ್ ನೀರಿಗೆ 8.25 ಗ್ರಾಂ ಪುಡಿ. ನಮ್ಮ ಬಟ್ಟಲುಗಳು 200 ಎಂಎಲ್‌ನವು, ಹಾಗಾಗಿ 11 ಗ್ರಾಂ. ಪುಡಿ ಫಿಲ್ಟರ್ ಕಾಫಿಯದ್ದಕ್ಕಿಂತ ಸ್ವಲ್ಪ ತರಿ. ನೀರು 93 ಡಿಗ್ರಿ. ನಮ್ಮ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಒಲೆ ಆರಿಸಿ ತುಸು ಹೊತ್ತು ಬಿಟ್ಟರೆ ಸಾಕು. ನೀರು ಹೊಯ್ದು ನಾಲ್ಕು ನಿಮಿಷ ಮುಟ್ಟಬಾರದು. ಮೇಲೆ ಪುಡಿ ಹೆಪ್ಪುಗಟ್ಟಿ ನಿಂತಿರುತ್ತದೆ. ಮೂಗನ್ನು ಬಟ್ಟಲಿಗೆ ಹತ್ತಿರ ಹಿಡಿದು ಚಮಚದ ಬೆನ್ನಿಂದ ಆ ಹೆಪ್ಪನ್ನು ಒಡೆಯಬೇಕು. ಆಗ ಏಳುವ ಘಮ ಮತ್ತೆ ಸಿಗುವುದಿಲ್ಲ. ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಚಮಚದಿಂದ ಜೋರಾಗಿ ಸೊರ್ ಅಂತ ಎಳೆದುಕೊಳ್ಳಬೇಕು. ಅಮ್ಮ ಊಟದಲ್ಲಿ ಸದ್ದು ಮಾಡಿದರೆ ಬೈಯುತ್ತಿದ್ದರು. ಇಲ್ಲಿ ಸದ್ದಾದರೇನೇ ಕಾಫಿ ಬಾಯಿ ತುಂಬ ಹರಡಿ ವಾಸನೆ ಮೂಗಿನ ಹಿಂಭಾಗಕ್ಕೆ ಏರುವುದು.

ನಾನು ತೊಡರಿಕೊಂಡಿದ್ದು ಮಾತಿನಲ್ಲಿ. ರುಚಿ ಗುರುತಿಸಲು ಹೊರದೇಶದವರು ಮಾಡಿದ ಒಂದು ಚಕ್ರದ ಚಿತ್ರ ಇದೆ. ಅದರಲ್ಲಿ ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ, ಮೇಪಲ್ ಸಿರಪ್. ಇವನ್ನೆಲ್ಲ ನಾನು ಯಾವತ್ತೂ ತಿಂದಿಲ್ಲ. ತಿನ್ನದ ಹಣ್ಣನ್ನು ಕಾಫಿಯಲ್ಲಿ ಹುಡುಕುವುದು ಹೇಗೆ? ಆರು ತಿಂಗಳು ಸುಮ್ನೆ ಅದೇ ಪಟ್ಟಿ ಹಿಡಿದು ಒದ್ದಾಡಿದೆ. ಆಮೇಲೆ ಅದನ್ನು ಪಕ್ಕಕ್ಕಿಟ್ಟು ಅಡುಗೆಮನೆಗೆ ಹೋದೆ. ಬೆಚ್ಚಗಿನ ನೀರು ಸಾಲಾಗಿ ಇಟ್ಟು ಒಂದಕ್ಕೆ ನಿಂಬೆರಸ, ಒಂದಕ್ಕೆ ಹುಣಸೆ, ಒಂದಕ್ಕೆ ತಿಳಿ ಮಜ್ಜಿಗೆ, ಒಂದಕ್ಕೆ ವಿನಿಗರ್ ಹಾಕಿದೆ. ನಾಲ್ಕೂ ಹುಳಿಯೇ, ಆದರೆ ಒಂದೊಂದೂ ಬೇರೆ. ನಿಂಬೆಯದು ಚುರುಕು, ಬೇಗ ಹೋಗುತ್ತದೆ. ಹುಣಸೆಯದು ನಾಲಿಗೆಯ ಅಂಚು ಹಿಡಿಯುತ್ತದೆ. (ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯಲ್ಲೂ ಇರುವುದು. ವೈನ್ ರುಚಿ ನೋಡುವವರೂ ಇದೇ ಹುಳಿಯನ್ನು ತೂಗುತ್ತಾರೆ.) ಮಜ್ಜಿಗೆಯದು ಮೃದು. ವಿನಿಗರ್ ಮೂಗಿಗೆ ಹೊಡೆಯುತ್ತದೆ, ಅದು ಕಾಫಿಯಲ್ಲಿ ಜಾಸ್ತಿ ಕಂಡರೆ ಬೀಜದ ಲೋಳೆ ಬಿಡಿಸಲು ಟ್ಯಾಂಕಿನಲ್ಲಿ ಕೊಳೆಸುವಾಗ ಎಡವಟ್ಟಾಗಿದೆ ಅಂತ ಅರ್ಥ.

ಅಲ್ಲಿಂದ ನನ್ನ ಪುಸ್ತಕ ತುಂಬತೊಡಗಿತು. ಬೆಲ್ಲದ ಪಾಕ, ಕಿತ್ತಳೆ ಸಿಪ್ಪೆ, ನೇರಳೆಹಣ್ಣು, ಹೇರಳೆಕಾಯಿ, ಹುರಿದ ಕಡಲೆಕಾಯಿ, ಒದ್ದೆ ಗೋಣಿಚೀಲ, ಮಳೆಗಾಲದ ಕೊಟ್ಟಿಗೆಮನೆ. ಇವು ನನ್ನ ನಾಲಿಗೆಗೆ ಗೊತ್ತಿರುವ ಮಾತುಗಳು, ತಪ್ಪುವುದಿಲ್ಲ.

ಆಮೇಲೆ ಬೇರೆ ಬೇರೆ ಕಾಫಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದನ್ನೇ ಕುಡಿದರೆ ಏನೂ ತಿಳಿಯುವುದಿಲ್ಲ, ಹೋಲಿಸಿದಾಗಲೇ ಬಾಯಿ ಬಿಡುತ್ತದೆ. ನಮ್ಮದು ಎಸ್ 795 ಅನ್ನುವ ಅರೇಬಿಕಾ ತಳಿ. ಕೆಂಟ್ ತಳಿಯನ್ನು ಎಸ್ 288ರ ಜೊತೆ ಕೂಡಿಸಿ ಮಾಡಿದ್ದು, ಅದರಲ್ಲಿ ಲೈಬೀರಿಕಾ ಅನ್ನುವ ಬೇರೆ ಜಾತಿಯ ಕಾಫಿಯ ರಕ್ತವೂ ಇದೆ. ನೆರೆಯವರಿಂದ ಸೆಲೆಕ್ಷನ್ 9 ಅನ್ನುವ ತಳಿ ತಂದೆ, ಅದು ಇಥಿಯೋಪಿಯಾದ ತಫಾರಿಕೆಲಾ ಮತ್ತು ತಿಮೋರ್ ಹೈಬ್ರಿಡ್‌ನ ಮಗು. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ತಳಿಯೂ ಸಿಕ್ಕಿತು. ಸಕಲೇಶಪುರದ ನೆಂಟರು ರೋಬಸ್ಟಾ ಕೊಟ್ಟರು. ಅರಕು, ಇಥಿಯೋಪಿಯಾ, ಸುಮಾತ್ರಾ ಕಾಫಿಗಳನ್ನು ಬೆಂಗಳೂರಿನಿಂದ ತರಿಸಿದೆ.

ಇಥಿಯೋಪಿಯಾದ ಬಟ್ಟಲಿನ ಹೆಪ್ಪು ಒಡೆದಾಗ ನನಗೆ ಮೈ ಜುಮ್ಮೆಂದಿತು. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಹೂವಿನಿಂದ ತೋಟ ಪೂರ್ತಿ ಬೆಳ್ಳಗಾಗುತ್ತದಲ್ವಾ, ಅವತ್ತು ಬೆಳಿಗ್ಗೆ ಬರುವ ಘಮ ಅದು. ನಮ್ಮ ಎಸ್ 795 ಅಷ್ಟು ಚುರುಕಲ್ಲ. ಅದರದ್ದು ಬೆಲ್ಲದ ಸಿಹಿ, ಬಾಯಿ ತುಂಬುವ ದುಂಡಗಿನ ಮೈ, ಕೊನೆಗೆ ಸಣ್ಣಗೆ ಕೋಕೋ. ಸೆಲೆಕ್ಷನ್ 9ರಲ್ಲಿ ಹಣ್ಣಿನ ಹುಳಿ ಎದ್ದು ಕಾಣುತ್ತದೆ, ನನಗೆ ಅದೇ ಇಷ್ಟ. ಸುಮಾತ್ರಾದಲ್ಲಿ ಮಣ್ಣಿನ ವಾಸನೆ. ಅಲ್ಲಿ ಪಾರ್ಚ್‌ಮೆಂಟ್ ಸಿಪ್ಪೆಯನ್ನು ಬೀಜ ಹಸಿ ಇರುವಾಗಲೇ ತೆಗೆದು ಆಮೇಲೆ ಒಣಗಿಸುತ್ತಾರೆ, ಅದರ ಗುರುತು ಅದು. ಕೆಲವರಿಗೆ ಅದು ಗುಣ, ನನಗೆ ಹಿಡಿಸಲಿಲ್ಲ. ರೋಬಸ್ಟಾ ಬಿಸಿಯಿದ್ದಾಗ ಹುರಿದ ರಾಗಿಯಂತೆ ಹಿತ. ಆರಿದ ಮೇಲೆ ಕಹಿ ಮುಂದೆ ಬಂತು. ಅದಕ್ಕೇ ಪ್ರತಿ ಬಟ್ಟಲನ್ನೂ ಬಿಸಿ, ಬೆಚ್ಚಗೆ, ತಣ್ಣಗೆ ಮೂರು ಸಲ ನೋಡಬೇಕು. ತಪ್ಪುಗಳು ತಣ್ಣಗಾದ ಮೇಲೆ ಹೊರಬರುತ್ತವೆ.

ಇದನ್ನೆಲ್ಲ ಹೆಸರು ಗೊತ್ತಿದ್ದೇ ಮಾಡುತ್ತಿದ್ದೆ. ಹೆಂಡತಿ ಒಂದು ದಿನ ಬಟ್ಟಲುಗಳ ಅಡಿಗೆ ನಂಬರ್ ಅಂಟಿಸಿ ಜಾಗ ಬದಲಾಯಿಸಿದಳು. ಮೂರು ಬಟ್ಟಲಲ್ಲಿ ಎರಡು ಒಂದೇ, ಒಂದು ಬೇರೆ, ಬೇರೆಯದನ್ನು ಹುಡುಕಬೇಕು. ಹತ್ತರಲ್ಲಿ ನಾಲ್ಕು ಸರಿಯಾಯಿತು. ಸುಮ್ಮನೆ ಊಹಿಸಿದರೂ ಹತ್ತಿರ ಹತ್ತಿರ ಅಷ್ಟು ಬರುತ್ತದೆ. ನಮ್ಮದು ಅಂತ ಗೊತ್ತಿದ್ದರೆ ನಾನು ಅಂಕ ಜಾಸ್ತಿ ಕೊಡುತ್ತಿದ್ದೆ ಅನ್ನುವುದೂ ಅವತ್ತೇ ಕಂಡಿತು. ಒಂದು ಕೊಯ್ಲು ಮುಗಿಯುವವರೆಗೆ ವಾರಕ್ಕೆ ಎರಡು ಸಲ ಇದನ್ನೇ ಮಾಡಿದೆವು. ಹತ್ತರಲ್ಲಿ ಎಂಟು ಬರುವವರೆಗೆ ಅಂಕದ ಹಾಳೆ ಮುಟ್ಟಲಿಲ್ಲ.

ನಾನು ಕಲಿತ ನೂರು ಅಂಕದ ಹಾಳೆಯಲ್ಲಿ ಹತ್ತು ಕಾಲಂ ಇದ್ದವು. 80 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸ್ಪೆಷಾಲ್ಟಿ, ಅಂದರೆ ಮೇಲ್ದರ್ಜೆಯ ಕಾಫಿ. ಆದರೆ ಅದರ ನಿಜವಾದ ಬುದ್ಧಿ ಇರುವುದು ಐದು ಬಟ್ಟಲಿನ ನಿಯಮದಲ್ಲಿ. ಒಂದೇ ಲಾಟ್‌ನಿಂದ (ಒಟ್ಟಿಗೆ ಸಂಸ್ಕರಿಸಿದ ಒಂದು ರಾಶಿಯಿಂದ) ಐದು ಬಟ್ಟಲು, ಪ್ರತಿಯೊಂದಕ್ಕೂ ಬೀಜ ಬೇರೆ ಬೇರೆ ತೂಗಿ ಬೇರೆ ಬೇರೆ ಪುಡಿ ಮಾಡಬೇಕು. ಒಟ್ಟಿಗೆ ಪುಡಿ ಮಾಡಿದರೆ ಕೆಟ್ಟ ಬೀಜ ಐದರಲ್ಲೂ ಹಂಚಿಹೋಗಿ ಅಡಗುತ್ತದೆ.

ವಾಪಸ್ ಬಂದ ಆ ಲಾಟ್‌ನ ಸ್ಯಾಂಪಲ್ ಎತ್ತಿಟ್ಟಿದ್ದೆ. ಅದನ್ನು ಹೀಗೆ ಐದು ಬಟ್ಟಲು ಮಾಡಿದೆ. ನಾಲ್ಕು ಚೆನ್ನಾಗಿದ್ದವು. ಉಳಿದ ಒಂದು ಬಟ್ಟಲಿನ ಹೆಪ್ಪು ಒಡೆದಾಗ ಮುಖ ತಿರುಗಿಸಿಕೊಂಡೆ. 11 ಗ್ರಾಂ ಅಂದರೆ ಎಪ್ಪತ್ತೆಂಬತ್ತು ಬೀಜ, ಅದರಲ್ಲಿ ಒಂದು ಕೆಟ್ಟಿದ್ದರೂ ಸಾಕು. ವ್ಯಾಪಾರಿ ಹೇಳಿದ್ದು ಸರಿಯೇ ಇತ್ತು.

ನಮ್ಮ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೋಡಿಕೊಳ್ಳುವವರನ್ನು ಕರೆದು ಆ ಬಟ್ಟಲು ಮೂಸಲು ಕೊಟ್ಟೆ. ಅವರು ಒಂದೇ ಸಲಕ್ಕೆ, "ಇದು ಟ್ಯಾಂಕ್ ಮೂಲೆ ವಾಸನೆ ಅಲ್ವಾ ಗೌಡ್ರೆ" ಅಂದರು. ಹೋಗಿ ನೋಡಿದೆವು. ಬೀಜ ಕೊಳೆಸುವ ಟ್ಯಾಂಕಿನ ಮೂಲೆಯಲ್ಲಿ ಸಿಮೆಂಟ್ ಬಿಟ್ಟುಕೊಂಡು ಒಂದು ಬಿರುಕು. ಪ್ರತಿ ದಿನ ಅಲ್ಲಿ ಒಂದಷ್ಟು ಬೀಜ ಸಿಕ್ಕಿಕೊಂಡು ಎರಡು ದಿನ ಕೊಳೆತು ಹೊಸ ಲಾಟ್‌ಗೆ ಸೇರುತ್ತಿತ್ತು. ಕಪ್ಪಿಂಗ್ ಮಾಡುವವರು ಅಂಥ ಬೀಜವನ್ನು ಸ್ಟಿಂಕರ್ ಅನ್ನುತ್ತಾರೆ. ಮಾರನೇ ದಿನವೇ ಮೂಲೆಗೆ ಸಿಮೆಂಟ್ ಹಾಕಿಸಿ ನುಣ್ಣಗೆ ಮಾಡಿಸಿದೆ. ಪಲ್ಪರ್‌ನ ಹಲ್ಲುಗಳನ್ನೂ ದಿನಾ ಸಂಜೆ ತೊಳೆಯಲು ಶುರುಮಾಡಿದೆವು.

ಈಗ ಲಾಟ್ ಹುರಿದ ಮಾರನೇ ಬೆಳಿಗ್ಗೆ ಮೇಜಿನ ಮೇಲೆ ಮೂರು ಚಮಚ ಇಡುತ್ತೇನೆ. ನನಗೊಂದು, ಹೆಂಡತಿಗೊಂದು, ಪಲ್ಪರ್ ನೋಡುವವರಿಗೊಂದು. ಹೆಪ್ಪು ಒಡೆಯುವುದನ್ನು ಅವರಿಗೇ ಬಿಟ್ಟಿದ್ದೇವೆ.