ಬೆಳಗದ ಪದರದ ಬೆನ್ನು ಹತ್ತಿ

ಒಎಲ್‌ಇಡಿ (ವಿದ್ಯುತ್ ಹರಿದಾಗ ತಾನೇ ಬೆಳಗುವ, ಪರದೆಗಳಲ್ಲಿ ಬಳಸುವ ಸಾವಯವ ದೀಪ) ಎಂದರೆ ಎಲ್ಲರ ಕಣ್ಣು ಹೊಳೆಯುವ ಸಾವಯವ ಅಣುವಿನ ಮೇಲೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದದ್ದು ಅದರಡಿಯ ಆಕ್ಸೈಡ್ ಪದರ. ಎಲೆಕ್ಟ್ರಾನುಗಳನ್ನು ಒದಗಿಸುವ ವಿದ್ಯುದ್ವಾರವಾದ ಕ್ಯಾಥೋಡಿನಿಂದ ಅವನ್ನು ಪಡೆದು ಸಾವಯವ ಪದರಕ್ಕೆ ದಾಟಿಸುವುದಷ್ಟೇ ಅದರ ಕೆಲಸ.

ಸಾಮಾನ್ಯ ಒಎಲ್‌ಇಡಿಯಲ್ಲಿ ಕ್ಯಾಥೋಡ್ ಮೇಲಿರುತ್ತದೆ: ತೆಳುವಾದ ಲಿಥಿಯಂ ಫ್ಲೋರೈಡ್, ಅದರ ಮೇಲೆ ಅಲ್ಯೂಮಿನಿಯಂ. ಗಾಳಿಯ ತೇವಕ್ಕೆ ಈ ಜೋಡಿ ಬೇಗ ಸೋಲುತ್ತದೆ. ಪರದೆಯ ಪಿಕ್ಸೆಲ್ಲುಗಳನ್ನು ನಡೆಸುವ ಐಜಿಜೆಡ್‌ಒ (ಇಂಡಿಯಂ-ಗ್ಯಾಲಿಯಂ-ಸತು ಆಕ್ಸೈಡ್) ಟ್ರಾನ್ಸಿಸ್ಟರುಗಳೋ ಎನ್ ಮಾದರಿಯವು, ಅಂದರೆ ಎಲೆಕ್ಟ್ರಾನುಗಳ ಮೂಲಕ ವಿದ್ಯುತ್ ಹರಿಸುವವು. ಅವುಗಳಿಗೆ ಕ್ಯಾಥೋಡ್ ಕೆಳಗಿದ್ದರೇ ಹಿತ. ಹಾಗಾಗಿ ನಾವು ರಚನೆಯನ್ನೇ ತಲೆಕೆಳಗು ಮಾಡಿದೆವು. ಆಗ ಎದುರಾಗುವ ತೊಡಕು ಇದು: ಕೆಳಗಿನ ಐಟಿಒ (ಪಾರದರ್ಶಕ ವಾಹಕವಾದ ಇಂಡಿಯಂ-ತವರ ಆಕ್ಸೈಡ್) ಲೇಪಿಸಿದ ಗಾಜಿನ ವರ್ಕ್ ಫಂಕ್ಷನ್ (ಎಲೆಕ್ಟ್ರಾನನ್ನು ಹೊರಗೆಳೆಯಲು ಬೇಕಾದ ಶಕ್ತಿ) ಸುಮಾರು 4.7 ಇವಿ (ಎಲೆಕ್ಟ್ರಾನ್ ವೋಲ್ಟ್), ಸಾವಯವ ಪದರ ಎಲೆಕ್ಟ್ರಾನನ್ನು ಬರಮಾಡಿಕೊಳ್ಳುವ ಮಟ್ಟ 3 ಇವಿ ಆಸುಪಾಸು. ಇಲ್ಲಿ ಅಂಕಿ ಕಿರಿದಾದಷ್ಟೂ ಮಟ್ಟ ಎತ್ತರ. ಮೆಟ್ಟಿಲಿಲ್ಲದ ಎತ್ತರದ ಜಗುಲಿಯಂತೆ. ಆ ನಡುವಿನ ಮೆಟ್ಟಿಲು ಯಾವ ಎತ್ತರದಲ್ಲಿರಬೇಕು ಎಂಬುದೇ ವಿನ್ಯಾಸದ ಪ್ರಶ್ನೆ. ಪದರ ಎಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಎರಡನೆಯದು.

ದಾರಿ ತೋರಿಸಿದ್ದು ಜಪಾನಿನ ವಸ್ತುವಿಜ್ಞಾನಿ ಹಿದೆಯೊ ಹೊಸೊನೊ ಅವರ ತಂಡ. ಸತು (ಜಿಂಕ್), ಇಂಡಿಯಂನಂಥ ಲೋಹಗಳ ಆಕ್ಸೈಡಿನಲ್ಲಿ ಎಲೆಕ್ಟ್ರಾನುಗಳು ಸಾಗುವುದು ಲೋಹದ ದುಂಡನೆಯ ಎಸ್ ಕಕ್ಷಕಗಳ (ಪರಮಾಣುವಿನ ಸುತ್ತ ಎಲೆಕ್ಟ್ರಾನು ಇರುವ ವಲಯಗಳ) ಮೂಲಕ. ಪರಮಾಣುಗಳು ಅಡ್ಡಾದಿಡ್ಡಿ ಕುಳಿತರೂ ಅವು ಒಂದನ್ನೊಂದು ಆವರಿಸಿಕೊಂಡೇ ಇರುವುದರಿಂದ ಸ್ಫಟಿಕವಲ್ಲದ ಪದರದಲ್ಲೂ ಹರಿವು ನಿಲ್ಲುವುದಿಲ್ಲ. 2004ರಲ್ಲಿ ಅವರು ಪ್ಲಾಸ್ಟಿಕ್ ಹಾಳೆಯ ಮೇಲೆ ಐಜಿಜೆಡ್‌ಒ ಟ್ರಾನ್ಸಿಸ್ಟರ್ ಮಾಡಿ ತೋರಿಸಿದರು. 2017ರಲ್ಲಿ ಅದೇ ತಂಡ ಒಎಲ್‌ಇಡಿಗೆಂದೇ ಜಿಂಕ್ ಸಿಲಿಕೇಟ್ ಪದರವನ್ನು ವಿವರಿಸಿತು: ವರ್ಕ್ ಫಂಕ್ಷನ್ 3.5 ಇವಿ. ನಾನು ಹಿಡಿದದ್ದು ಇದೇ ಜಾಡನ್ನು.

ಬರೀ ಜಿಂಕ್ ಆಕ್ಸೈಡ್ ಚೆನ್ನಾಗಿ ಹರಿಸುತ್ತದೆ, ಆದರೆ ಮೆಟ್ಟಿಲು ತಗ್ಗು. ಸಿಲಿಕಾ ಬೆರೆಸಿದಷ್ಟೂ ಮೆಟ್ಟಿಲು ಏರುತ್ತದೆ, ಹರಿವು ಕುಗ್ಗುತ್ತದೆ. ಸರಿಯಾದ ಪಾಕ ಹುಡುಕಲು ಪ್ರತಿ ಅನುಪಾತಕ್ಕೂ ಒಂದೊಂದು ಗಾಜಿನ ಮೇಲೆ ಪದರ ಕೂರಿಸುವಷ್ಟು ಯಂತ್ರದ ಸಮಯ ನಮಗೆ ಸಿಗುತ್ತಿರಲಿಲ್ಲ. ಅಯಾನುಗಳ ಹೊಡೆತದಿಂದ ಪರಮಾಣುಗಳನ್ನು ಕಿತ್ತು ಗಾಜಿನ ಮೇಲೆ ಕೂರಿಸುವ ಸ್ಪಟರಿಂಗ್ ಕೋಣೆಯಲ್ಲಿ, ಆ ಹೊಡೆತಕ್ಕೆ ಒಡ್ಡುವ ಜಿಂಕ್ ಆಕ್ಸೈಡ್ ಮತ್ತು ಸಿಲಿಕಾ ಗುರಿಗಳನ್ನು ಎದುರುಬದುರು ಬದಿಗಳಲ್ಲಿಟ್ಟು, ಗಾಜನ್ನು ತಿರುಗಿಸದೆ ನಿಲ್ಲಿಸಿದೆ. ಒಂದು ತುದಿಯಲ್ಲಿ ಸತು ಹೆಚ್ಚು, ಇನ್ನೊಂದರಲ್ಲಿ ಸಿಲಿಕಾ ಹೆಚ್ಚು. ಹೊರತೆಗೆದ ಗಾಜನ್ನು ಓರೆಯಾಗಿ ಹಿಡಿದರೆ ಪದರದ ದಪ್ಪ ಬದಲಾದಂತೆ ನಸುನೇರಳೆಯಿಂದ ಹಳದಿಗೆ ಜಾರುವ ಬಣ್ಣದ ಪಟ್ಟೆಗಳು. ಅದನ್ನು ಉದ್ದಕ್ಕೆ ಗುರುತು ಹಾಕಿಕೊಂಡು ಪ್ರತಿ ಬಿಂದುವಿನಲ್ಲೂ ಬೆಳಕಿನ ಹೀರಿಕೆ, ರೋಧ, ವರ್ಕ್ ಫಂಕ್ಷನ್ ಅಳೆದೆ.

ಸ್ಪಟರಿಂಗ್ ಕೋಣೆಗೆ ಆರ್ಗಾನಿನೊಂದಿಗೆ ಬಿಡುವ ಆಮ್ಲಜನಕದ ವಿಷಯದಲ್ಲಿ ಕೈ ಬಿಗಿಯಿರಲಿ. ಅದು ಹೆಚ್ಚಾದರೆ ಎಲೆಕ್ಟ್ರಾನು ಕೊಡುವ ಆಮ್ಲಜನಕದ ಖಾಲಿ ಸ್ಥಾನಗಳು ಮುಚ್ಚಿಹೋಗಿ ಪದರ ನಿರೋಧಕವಾಗುತ್ತದೆ. ವರ್ಕ್ ಫಂಕ್ಷನ್ ಅಳೆಯುವ ಕೆಲ್ವಿನ್ ಪ್ರೋಬ್ ಇನ್ನೊಂದು ತಲೆನೋವು. ಮಳೆಗಾಲದಲ್ಲಿ ಆಕ್ಸೈಡಿನ ಮೈಗೆ ತೇವ ಅಂಟಿ ಅಂಕಿ ಅಲುಗಾಡುತ್ತಲೇ ಇರುತ್ತದೆ. ಬಿಸಿಲು ತಾಗಿದ ಮಾದರಿಯ ವಾಹಕತೆ ಏರಿ, ಗಂಟೆಗಟ್ಟಲೆ ಇಳಿಯುವುದಿಲ್ಲ. ಕಪ್ಪು ಡಬ್ಬಿಯಲ್ಲಿ ಇಡದ ಮಾದರಿಯ ಅಳತೆಯನ್ನು ನಾನು ನಂಬುವುದಿಲ್ಲ, ಅದು ಯಾರು ಮಾಡಿದ್ದೇ ಆಗಲಿ.

ಕೊನೆಯ ತೀರ್ಪು ಬೆಳಕಿನದ್ದಲ್ಲ. ಎಲೆಕ್ಟ್ರಾನು ಮಾತ್ರ ಹರಿಯುವ ಸಾಧನ ಮಾಡುತ್ತೇನೆ: ಕೆಳಗೆ ಐಟಿಒ ಮತ್ತು ಆಕ್ಸೈಡ್, ನಡುವೆ ಸಾವಯವ ಪದರ, ಮೇಲೆ ಲಿಥಿಯಂ ಫ್ಲೋರೈಡ್ ಮತ್ತು ಅಲ್ಯೂಮಿನಿಯಂ. ವೋಲ್ಟೇಜನ್ನು ಒಮ್ಮೆ ಒಂದು ದಿಕ್ಕಿಗೆ, ಮತ್ತೊಮ್ಮೆ ತಿರುವುಮುರುವು ಕೊಟ್ಟು ಎರಡು ಗೆರೆ ಎಳೆಯುತ್ತೇನೆ. ಕೆಳಗಿನಿಂದ ನುಗ್ಗುವ ಪ್ರವಾಹ ಮೇಲಿನಿಂದ ಬರುವುದಕ್ಕೆ ಸರಿಸಮನಾದರೆ ಆಕ್ಸೈಡ್ ಗೆದ್ದಂತೆ. ಸತು ಹೆಚ್ಚಿದ್ದ ಕಡೆ ಕೆಳಗಿನ ಗೆರೆ ಬಹಳ ಹಿಂದುಳಿಯಿತು. ಸಿಲಿಕಾ ತುಸು ಸೇರಿದ ಕಡೆ ಎರಡೂ ಹತ್ತಿರ ಬಂದವು. ಸಿಲಿಕಾ ಅತಿಯಾದ ತುದಿಯಲ್ಲಿ ಪ್ರವಾಹವೇ ಇಲ್ಲ.

ಸ್ಪಟರಿಂಗ್ ಯಂತ್ರ ಸಿಗದವರು ಸಿಲಿಕಾದ ಬದಲು ಮೆಗ್ನೀಷಿಯಂನಿಂದ ಆರಂಭಿಸಬಹುದು. ಸತು ಮತ್ತು ಮೆಗ್ನೀಷಿಯಂ ಅಸಿಟೇಟುಗಳನ್ನು ಮೆಥಾಕ್ಸಿಎಥನಾಲಿನಲ್ಲಿ ಕರಗಿಸಿ, ಎಥನಾಲ್ಅಮೈನ್ ಸೇರಿಸಿ, ಗಾಜಿನ ಮೇಲೆ ತಿರುಗಿಸಿ ಹರಡಿ ಸುಮಾರು 300 ಡಿಗ್ರಿಯಲ್ಲಿ ಕಾಯಿಸಿದರೆ ಪದರ ಸಿದ್ಧ. ಜೂನ್ ಕಳೆದ ಮೇಲೆ ಹರಡುವ ಕೆಲಸವನ್ನು ತೇವ ನುಗ್ಗದ ಮುಚ್ಚಿದ ಪೆಟ್ಟಿಗೆಯಾದ ಗ್ಲೋವ್ ಬಾಕ್ಸಿನೊಳಗೇ ಮಾಡಿ. ಹೊರಗಿನ ತೇವದಲ್ಲಿ ಪದರ ಮಬ್ಬಾಗುತ್ತದೆ.